ಕಾಯಿನನ ಹೆಂಡತಿ ಯಾರ ಮಗಳು? ಮೊದಲ ಶತಮಾನಗಳ ಕ್ರೈಸ್ತರು ಇದಕ್ಕೆ ಏನು ಹೇಳುತ್ತಿದ್ದರು?

ಸಂಡೇಸ್ಕೂಲ್_ಟೀಚರ್
ಎಲ್ಲರಿಗೂ ನಮಸ್ಕಾರ. ನಾನು ಚರ್ಚಿನಲ್ಲಿ ಐದು-ಆರನೇ ಕ್ಲಾಸಿನ ಮಕ್ಕಳಿಗೆ ಸಂಡೇ ಸ್ಕೂಲ್ ಪಾಠ ಮಾಡುತ್ತೇನೆ. ಹೋದ ವಾರ ಕಾಯಿನ ಮತ್ತು ಹೇಬೆಲರ ಕಥೆ ಇತ್ತು. ಕಾಯಿನ ತಮ್ಮನನ್ನು ಕೊಂದ, ದೇವರು ಅವನ ಮೇಲೆ ಗುರುತು ಹಾಕಿದರು, ಅವನು ಏದೆನಿನ ಪೂರ್ವಕ್ಕೆ ನೋದು ದೇಶಕ್ಕೆ ಹೋದ, ಅಲ್ಲಿ ಹೆಂಡತಿ ಬಸುರಾಗಿ ಹನೋಕ ಹುಟ್ಟಿದ. ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ಬೆರಳು ಮಡಚುತ್ತಾ, "ಮಿಸ್, ಆದಾಮ, ಹವ್ವ, ಕಾಯಿನ, ಹೇಬೆಲ. ಒಬ್ಬ ಸತ್ತ. ಉಳಿದಿದ್ದು ಮೂರು. ಹೆಂಡತಿ ಎಲ್ಲಿಂದ ಬಂದ್ಲು?" ಅಂದಳು. ಕ್ಲಾಸೆಲ್ಲ ಗೊಳ್ಳೆಂದಿತು.

ಮುಂದಿನ ವಾರ ಹೇಳುತ್ತೇನೆ ಅಂತ ತಪ್ಪಿಸಿಕೊಂಡೆ. ಆಮೇಲೆ ಒಬ್ಬ ಹಿರಿಯರನ್ನು ಕೇಳಿದರೆ, "ಇಂಥದ್ದನ್ನೆಲ್ಲ ಚಿಗುರಲ್ಲೇ ಚಿವುಟಬೇಕಮ್ಮ" ಅಂದರು. ನನಗೆ ಅದು ಸರಿ ಅನ್ನಿಸಲಿಲ್ಲ. ಈ ಪ್ರಶ್ನೆ ಮೊದಲು ಹೊಳೆದದ್ದು ನಮ್ಮ ಹುಡುಗಿಗೇ ಅಂತೂ ಇರಲಾರದು. ಮೊದಲ ನಾಲ್ಕೈದು ಶತಮಾನದವರು ಏನು ಉತ್ತರ ಕೊಟ್ಟರು? ತಿಳಿದವರು ಬರೆಯಿರಿ. ಯೂಟ್ಯೂಬ್ ಲಿಂಕ್ ಬೇಡ, ಬೇಕಾದಷ್ಟು ನೋಡಿ ಸುಸ್ತಾಗಿದೆ.

ಪ್ರಶ್ನೆ_ನಂಜ
ತಂಗಿ. ಇನ್ಯಾರು? ಮುಂದಿನ ಪ್ರಶ್ನೆ ಕೇಳಿ.

ಬಳ್ಳಾರಿ_ಬಿಸಿಲು
ನಂಜ ತಮಾಷೆಗೆ ಹೇಳಿದರೂ ಉತ್ತರ ಅದೇ. ಆದಿಕಾಂಡ 5:4 ನೋಡಿ ಮೇಡಂ. ಇನ್ನೊಬ್ಬ ಮಗ ಸೇತ ಹುಟ್ಟಿದ ಮೇಲೂ ಆದಾಮನಿಗೆ ಗಂಡು ಹೆಣ್ಣು ಮಕ್ಕಳು ಆದರು ಅಂತ ಇದೆ. ಹೆಸರು ಕೊಟ್ಟಿಲ್ಲ ಅಷ್ಟೆ. ಇದ್ದದ್ದು ನಾಲ್ಕೇ ಜನ ಅನ್ನೋದು ನಮ್ಮ ಲೆಕ್ಕ, ಬೈಬಲಿನ ಲೆಕ್ಕ ಅಲ್ಲ.

ಹಳೇ_ಪುಸ್ತಕ
ಟೀಚರ್, ನಿಮ್ಮ ಹುಡುಗಿಗಿಂತ ಸುಮಾರು 1600 ವರ್ಷ ಮೊದಲೇ ಈ ಪ್ರಶ್ನೆ ಎದ್ದಿತ್ತು. ಅಂತಿಯೋಕ್ಯದಲ್ಲಿ ಯೋಹಾನ ಕ್ರಿಸೊಸ್ತೋಮ ಆದಿಕಾಂಡದ ಮೇಲೆ ಸಾಲಾಗಿ ಪ್ರಸಂಗ ಮಾಡಿದ. ಅವನ ಮಾತಿನ ಸೊಗಸಿಗೆ ಜನ ಆಮೇಲೆ 'ಬಂಗಾರದ ಬಾಯಿ' ಅಂತ ಹೆಸರಿಟ್ಟರು. ಇಪ್ಪತ್ತನೇ ಪ್ರಸಂಗದಲ್ಲಿ ತಾನೇ ಈ ಪ್ರಶ್ನೆ ಎತ್ತುತ್ತಾನೆ: ಬೇರೆ ಹೆಂಗಸಿನ ಸುದ್ದಿಯೇ ಇಲ್ಲ, ಇವನಿಗೆ ಹೆಂಡತಿ ಎಲ್ಲಿಂದ ಅಂತ ಯಾರಾದರೂ ಕೇಳಬಹುದು. ಉತ್ತರವೂ ನೇರ. ಧರ್ಮಗ್ರಂಥ ಹೆಣ್ಣುಮಕ್ಕಳನ್ನು ಒಬ್ಬೊಬ್ಬರಾಗಿ ಎಣಿಸುವುದಿಲ್ಲ. ಹವ್ವಳಿಗೆ ಮಗಳು ಹುಟ್ಟಿರಬೇಕು, ಕಾಯಿನ ಅವಳನ್ನು ಮದುವೆಯಾಗಿರಬೇಕು. ಅದು ಆರಂಭದ ಕಾಲ, ಜನ ಹೆಚ್ಚಬೇಕಿತ್ತು, ಅದಕ್ಕೇ ಆಗ ಅದಕ್ಕೆ ಅವಕಾಶ ಇತ್ತು. ಅಷ್ಟು ಹೇಳಿ ಮುಂದಕ್ಕೆ ಹೋಗುತ್ತಾನೆ. ಬಾಯಿ ಮುಚ್ಚಿಸುವ ಗೋಜಿಗೆ ಹೋಗಲಿಲ್ಲ, ನಿಮ್ಮ ಹಿರಿಯರಿಗೆ ತಿಳಿಸಿ.

ಐದನೇ ಶತಮಾನದ ಥಿಯೊಡೊರೆಟ್ ಎಂಬ ಸಿರಿಯಾದ ಬಿಷಪ್ ಬರೆದದ್ದು ಪ್ರಶ್ನೋತ್ತರ ಪುಸ್ತಕವನ್ನೇ. ಅವನದೂ ಅದೇ ಮಾತು: ತಂಗಿ, ಆಗ ಅದನ್ನು ಬೇಡ ಅನ್ನುವ ಕಾನೂನು ಇರಲಿಲ್ಲ.

ಸುಮ್ನೆ_ಓದುಗ
ಕಾನೂನು ಇಲ್ಲ ಅಂದಮಾತ್ರಕ್ಕೆ ತಪ್ಪು ತಪ್ಪಲ್ಲ ಅಂತ ಆಗುತ್ತಾ? ಕಾಯಿನ ಕೊಲೆ ಮಾಡಿದಾಗಲೂ ಹತ್ತು ಆಜ್ಞೆ ಬಂದಿರಲಿಲ್ಲ. ಶಿಕ್ಷೆ ಆಯ್ತಲ್ಲ?

ಬಳ್ಳಾರಿ_ಬಿಸಿಲು
ಒಳ್ಳೆ ಪಾಯಿಂಟ್. ಆದರೆ ಅಬ್ರಹಾಮನನ್ನೇ ನೋಡಿ. ಸಾರ ಅವನಿಗೆ ಅಪ್ಪನ ಕಡೆಯಿಂದ ತಂಗಿ, ತಾಯಿ ಬೇರೆ. ಆದಿಕಾಂಡ 20ರಲ್ಲಿ ಅವನ ಬಾಯಲ್ಲೇ ಬರುತ್ತದೆ. ಅಣ್ಣ-ತಂಗಿ ಕೂಡಬಾರದು ಅನ್ನೋ ನಿಯಮ ಬರುವುದು ಯಾಜಕಕಾಂಡ 18ರಲ್ಲಿ, ಮೋಶೆಯ ಕಾಲಕ್ಕೆ.

ಕೋಲಾರ_ಕಡಲೆ
ಎಲ್ಲಾ ಬಿಡಿ, ಆದಾಮನ ಮೊದಲ ಹೆಂಡತಿ ಲಿಲಿತ್ ಇದ್ದಳಲ್ಲ? ಚರ್ಚಿನವರು ಮುಚ್ಚಿಟ್ಟಿದ್ದಾರೆ. ಕಾಯಿನ ಅವಳ ಮಗಳನ್ನು ಕಟ್ಟಿಕೊಂಡಿರಬಹುದು.

ಹಳೇ_ಪುಸ್ತಕ
ಇಲ್ಲ. ಲಿಲಿತ್ ಆದಾಮನ ಮೊದಲ ಹೆಂಡತಿ ಅನ್ನುವ ಕಥೆ ಮಧ್ಯಯುಗದ ಒಂದು ಯೆಹೂದಿ ಪುಸ್ತಕದ್ದು. ನಾವು ಮಾತಾಡುತ್ತಿರುವ ಕಾಲಕ್ಕಿಂತ ಎಷ್ಟೋ ಈಚಿನದು. ಚರ್ಚಿನವರು ಮುಚ್ಚಿಡೋಕೆ ಅದು ಅವರ ಹತ್ತಿರ ಇರಲೇ ಇಲ್ಲ.

ಕೋಲಾರ_ಕಡಲೆ
ಓಹೋ. ವೆಬ್ ಸೀರೀಸಲ್ಲಿ ನೋಡಿದ್ದೆ 😐

ಮಂಗಳೂರು_ಮಳೆ
ನಾನು ಕೇಳಿದ ಕಥೆ ಬೇರೆ ಮಾರಾಯ್ರೆ. ಹವ್ವಳಿಗೆ ಪ್ರತಿ ಸಲವೂ ಅವಳಿ ಹುಟ್ಟುತ್ತಿದ್ದವಂತೆ, ಒಂದು ಗಂಡು ಒಂದು ಹೆಣ್ಣು. ಕಾಯಿನನ ಜೊತೆ ಹುಟ್ಟಿದವಳು ಭಾರೀ ಚಂದ. ಅಪ್ಪ ಹೇಳಿದ, ಅದಲು ಬದಲು ಮಾಡಿಕೊಳ್ಳಿ, ಜೊತೆಯಲ್ಲಿ ಹುಟ್ಟಿದವಳನ್ನೇ ಆಗುವುದು ಬೇಡ ಅಂತ. ಕಾಯಿನ ಒಪ್ಪಲಿಲ್ಲ. ಜಗಳ ಶುರುವಾದದ್ದೇ ಅಲ್ಲಿಂದ, ಕಾಣಿಕೆಯಿಂದ ಅಲ್ಲ. ಹಾಸ್ಟೆಲಲ್ಲಿ ಬ್ಯಾರಿ ಗೆಳೆಯ ಹೇಳಿದ್ದು. ಕುರಾನಿನಲ್ಲಿ ಹಾಗೇ ಉಂಟಂತೆ.

ಶಿವಾಜಿನಗರ_ಚಾ
ಸಣ್ಣ ತಿದ್ದುಪಡಿ. ಕುರಾನಿನಲ್ಲಿ (5:27ರಿಂದ 31) ಇರುವುದು ಆದಮರ ಇಬ್ಬರು ಮಕ್ಕಳು ಮತ್ತು ಅವರ ಕಾಣಿಕೆ ಮಾತ್ರ. ಹೆಸರೂ ಇಲ್ಲ, ಅವಳಿ ತಂಗಿಯರೂ ಇಲ್ಲ. ಕಾಗೆ ನೆಲ ಕೆದಕಿ ಹೆಣ ಹೂಳುವುದನ್ನು ತೋರಿಸುತ್ತದೆ, ಅದಿದೆ. ಕಾಬಿಲ್, ಹಾಬಿಲ್ ಹೆಸರು, ತಂಗಿಯರ ಜಗಳ ಎಲ್ಲ ಆಮೇಲಿನ ವ್ಯಾಖ್ಯಾನಗಳಲ್ಲಿ ಬರುವುದು.

ಎನ್ನಾರ್ಪುರ_ರಬ್ಬರು
ನಮ್ಮದು ಸಿರಿಯನ್ ಕ್ರಿಶ್ಚಿಯನ್ ಮನೆ. ಅವಳಿ ಕಥೆ ನಮ್ಮಜ್ಜಿಗೂ ಗೊತ್ತಿತ್ತು. ಅಡಿಕೆ ಸುಲಿಯುತ್ತಾ ಕೂತಾಗ ಹೇಳೋರು. ಬೈಬಲಿನದೇ ಅಂತ ನಾನು ಇಷ್ಟು ದಿನ ನಂಬಿದ್ದೆ!

ಹಳೇ_ಪುಸ್ತಕ
ಇಬ್ಬರಿಗೂ ಒಂದೇ ಉತ್ತರ. ಸಿರಿಯಾಕ್ ಭಾಷೆಯಲ್ಲಿ 'ನಿಧಿಗಳ ಗುಹೆ' ಅನ್ನುವ ಕ್ರೈಸ್ತ ಪುಸ್ತಕ ಇದೆ. ನಾಲ್ಕನೇ ಶತಮಾನದ ಸಂತ ಎಫ್ರೇಮ್ ಬರೆದದ್ದು ಅಂತ ಹೆಸರು ಹಚ್ಚಿದ್ದಾರೆ, ಆದರೆ ಈಗಿರುವ ರೂಪ ಅವನ ಕಾಲಕ್ಕಿಂತ ಈಚಿನದು. ಕಾಯಿನನ ಅವಳಿ ಲೆಬೂದಾ, ಹೇಬೆಲನ ಅವಳಿ ಕೆಲಿಮಾತ್. ಆದಾಮ ಹೇಳುವುದು ಮಂಗಳೂರು_ಮಳೆ ಬರೆದ ಹಾಗೇ, ಅವಳನ್ನು ಇವನಿಗೆ, ಇವಳನ್ನು ಅವನಿಗೆ. ಇದೇ ಕಥೆ ಇಥಿಯೋಪಿಯಾಕ್ಕೆ ಹೋಗುವಷ್ಟರಲ್ಲಿ ಹುಡುಗಿಯರು ಲುಲುವಾ ಮತ್ತು ಅಕ್ಲಿಯಾ ಆಗಿದ್ದಾರೆ.

ಇದರಲ್ಲೊಂದು ಸೂಕ್ಷ್ಮ ಇದೆ. ಅಣ್ಣ ತಂಗಿಯನ್ನು ಆಗಲೇಬೇಕಿತ್ತು, ಬೇರೆ ದಾರಿ ಇರಲಿಲ್ಲ. ಅದರಲ್ಲೂ ಒಂದು ಗೆರೆ ಎಳೆಯೋಣ, ಒಟ್ಟಿಗೆ ಹುಟ್ಟಿದವಳು ಬೇಡ, ಒಂದು ಹೆಜ್ಜೆ ದೂರದವಳಾಗಲಿ ಅನ್ನುವ ಆಸೆ. ಆ ಗೆರೆ ದಾಟಿದವನೇ ಕೊಲೆಗಾರ. ಕಥೆ ಕಟ್ಟಿದವರಿಗೆ ಈ ಮದುವೆ ಕಸಿವಿಸಿ ಮಾಡುತ್ತಿತ್ತು ಅನ್ನೋದು ಇಲ್ಲೇ ಕಾಣುತ್ತದೆ.

ಪ್ರಶ್ನೆ_ನಂಜ
ಅಂದ್ರೆ ಜಗತ್ತಿನ ಮೊದಲ ಕೊಲೆ ಹೆಣ್ಣಿಗಾಗಿ. ಅವತ್ತಿಂದ ಇವತ್ತಿನವರೆಗೆ ಪೇಪರ್ ಸುದ್ದಿ ಬದಲಾಗಿಲ್ಲ ಗುರು.

ರಾತ್ರಿಪಾಳಿ_ನರ್ಸ್
ಹೆಣ್ಣಿಗಾಗಿ ಅಲ್ಲ ನಂಜಣ್ಣ, ಗಂಡಸಿನ ಹಟಕ್ಕಾಗಿ. ಲೆಬೂದಾಳನ್ನು ಯಾರಾದರೂ ಒಂದು ಮಾತು ಕೇಳಿದರಾ? ಕ್ರಿಸೊಸ್ತೋಮ ಹೇಳಿದ್ದೇ ನಿಜ ನೋಡಿ, ಹೆಣ್ಣುಮಕ್ಕಳನ್ನು ಎಣಿಸುವುದೇ ಇಲ್ಲ.

ಹಳೇ_ಪುಸ್ತಕ
ಎಣಿಸಿದವರೂ ಇದ್ದಾರೆ. 'ಜುಬಿಲಿಗಳ ಪುಸ್ತಕ' ಅಂತ ಕ್ರಿಸ್ತಪೂರ್ವ ಎರಡನೇ ಶತಮಾನದ ಯೆಹೂದಿ ಗ್ರಂಥ. ಪೂರ್ತಿ ಉಳಿದಿರುವುದು ಇಥಿಯೋಪಿಯಾದ ಗೀಝ್ ಭಾಷೆಯಲ್ಲಿ, ಅಲ್ಲಿನ ಆರ್ಥೊಡಾಕ್ಸ್ ಚರ್ಚಿಗೆ ಅದು ಬೈಬಲಿನ ಭಾಗವೇ. ಅದರಲ್ಲಿ ಕಾಯಿನ ತನ್ನ ತಂಗಿ ಅವಾನ್‌ಳನ್ನು, ಸೇತ ತನ್ನ ತಂಗಿ ಅಜೂರಾಳನ್ನು ಮದುವೆಯಾಗುತ್ತಾರೆ. ಮುಚ್ಚುಮರೆ ಇಲ್ಲ. ಅಂದಹಾಗೆ ಕಾಯಿನ ಸಾಯುವುದೂ ಅದರಲ್ಲಿದೆ. ಕಲ್ಲಿಂದ ತಮ್ಮನನ್ನು ಕೊಂದವನ ಮೇಲೆ ಅವನದೇ ಕಲ್ಲಿನ ಮನೆ ಕುಸಿಯುತ್ತದೆ.

ಸೈಪ್ರಸ್‌ನ ಸಲಮಿಸ್ ಊರಿನ ಬಿಷಪ್ ಎಪಿಫಾನಿಯಸ್ ನಾಲ್ಕನೇ ಶತಮಾನದಲ್ಲಿ ಇದೇ ಪುಸ್ತಕ ಹಿಡಿದು ವಾದ ಮಾಡಿದ. ಎಂಬತ್ತು ಪಾಷಂಡ ಮತಗಳಿಗೆ ಮದ್ದು ಅಂತ 'ಔಷಧಿ ಪೆಟ್ಟಿಗೆ' ಎಂಬ ಅರ್ಥದ ಹೆಸರಿಟ್ಟು ದೊಡ್ಡ ಗ್ರಂಥ ಬರೆದಿದ್ದ. ಸೇತನನ್ನು ಹೊಗಳುವ ಒಂದು ಪಂಗಡದವರು ಅವನ ಹೆಂಡತಿ ಹೆಸರು ಹೊರೈಯಾ ಅನ್ನುತ್ತಿದ್ದರು. ಅಲ್ಲ, ಅಜೂರಾ ಅಂತ ಇವನ ಜಗಳ. ಕಾಯಿನನ ಹೆಂಡತಿಗೆ ಮಾತ್ರ ಇವನು ಸವೇ ಅಂತ ಬೇರೆ ಹೆಸರು ಕೊಡುತ್ತಾನೆ.

ರಾತ್ರಿಪಾಳಿ_ನರ್ಸ್
ಹೊರೈಯಾ ಯಾರು? ಅವಳ ಕಥೆ ಏನಾದರೂ ಇದೆಯಾ?

ಹಳೇ_ಪುಸ್ತಕ
ಇದೆ, ನಿಮಗೆ ಇಷ್ಟ ಆಗುತ್ತದೆ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಹತ್ತಿರ ಮಡಕೆಯಲ್ಲಿ ಹಳೆಯ ಕಾಪ್ಟಿಕ್ ಪುಸ್ತಕಗಳು ಸಿಕ್ಕವು. ಒಂದರಲ್ಲಿ ಹವ್ವಳ ಮಗಳು ನೋರೆಯಾ ಬರುತ್ತಾಳೆ. ಹೊರೈಯಾ ಅನ್ನುವುದು ಇದೇ ಹೆಸರಿನ ಇನ್ನೊಂದು ರೂಪ ಅಂತ ಹೇಳುತ್ತಾರೆ. ನೋಹನ ನಾವೆ ಹತ್ತೋಕೆ ಹೋದರೆ ಅವನು ಬಿಡುವುದಿಲ್ಲ. ಇವಳು ಉಫ್ ಅಂತ ಊದಿ ಇಡೀ ನಾವೆಯನ್ನೇ ಸುಟ್ಟುಬಿಡುತ್ತಾಳೆ. ಅವನು ಪಾಪ ಮತ್ತೆ ಮೊದಲಿಂದ ಕಟ್ಟಬೇಕು.

ರಾತ್ರಿಪಾಳಿ_ನರ್ಸ್
ನನ್ನ ಪ್ರೊಫೈಲ್ ಹೆಸರು ಬದಲಾಯಿಸಬೇಕು ಅನ್ನಿಸ್ತಿದೆ 🔥

ಲ್ಯಾಬ್_ಕೋಟು
ಮೂಲ ವಿಷಯಕ್ಕೆ ಬನ್ನಿ. ಆಗ ಆದಾಮನ ಸಂತಾನದ ರಕ್ತ ಶುದ್ಧವಾಗಿತ್ತು, ಜೀನ್‌ನಲ್ಲಿ ದೋಷ ಇರಲಿಲ್ಲ, ಅದಕ್ಕೇ ಅಣ್ಣ-ತಂಗಿ ಮದುವೆಯಿಂದ ತೊಂದರೆ ಆಗಲಿಲ್ಲ. ಸಂತ ಅಗಸ್ಟೀನನೂ ಹೀಗೇ ಹೇಳಿದ್ದಾನೆ ಅಂತ ಒಂದು ಭಾಷಣದಲ್ಲಿ ಕೇಳಿದೆ.

ಹಳೇ_ಪುಸ್ತಕ
ಭಾಷಣ ಮಾಡಿದವರು ಅಗಸ್ಟೀನನನ್ನು ಓದಿಲ್ಲ. ಜೀನ್ ವಾದ ಈಗಿನ ಕಾಲದ್ದು. ಅಗಸ್ಟೀನ ಹುಟ್ಟುವ ಮಕ್ಕಳ ಆರೋಗ್ಯದ ಸುದ್ದಿಗೇ ಹೋಗುವುದಿಲ್ಲ. ಅವನ ವಾದ ಪೂರ್ತಿ ಬೇರೆ, ನನಗಂತೂ ಈ ವಿಷಯದಲ್ಲಿ ಅವನಷ್ಟು ಯೋಚಿಸಿದವರು ಇನ್ನೊಬ್ಬರಿಲ್ಲ ಅನ್ನಿಸುತ್ತದೆ.

ಅವನು ಉತ್ತರ ಆಫ್ರಿಕಾದ ಹಿಪ್ಪೊ ಊರಿನ ಬಿಷಪ್. ಈಗ ಅದು ಅಲ್ಜೀರಿಯಾದ ಅನ್ನಾಬಾ. 413ರಿಂದ 426ರವರೆಗೆ ಕೂತು 'ದೇವರ ನಗರ' ಬರೆದ. ಅದರ 15ನೇ ಪುಸ್ತಕ, 16ನೇ ಅಧ್ಯಾಯ ಓದಿ. ಮೊದಲು ಬೇರೆ ದಾರಿ ಇರಲಿಲ್ಲ, ಅಣ್ಣಂದಿರು ತಂಗಿಯರನ್ನು ಆದರು. ಆದರೆ ಜನ ಹೆಚ್ಚಿದ ಮೇಲೂ ಹಾಗೇ ಮಾಡಿದರೆ ಅದಕ್ಕಿಂತ ಹೇಯ ಇನ್ನಿಲ್ಲ ಅನ್ನುತ್ತಾನೆ. ಯಾಕೆ? ಸಂಬಂಧಗಳು ಹೆಚ್ಚು ಜನರಿಗೆ ಹಂಚಿಹೋಗಬೇಕು. ಆದಾಮ ತನ್ನ ಮಕ್ಕಳಿಗೆ ಅಪ್ಪನೂ ಹೌದು, ಮಾವನೂ ಹೌದು. ಹವ್ವ ಅಮ್ಮನೂ ಹೌದು, ಅತ್ತೆಯೂ ಹೌದು. ಅಪ್ಪ ಒಬ್ಬ, ಮಾವ ಇನ್ನೊಬ್ಬ ಆಗಿದ್ದರೆ ಎರಡು ಮನೆ ಪ್ರೀತಿಯಲ್ಲಿ ಬೆಸೆಯುತ್ತಿತ್ತು. ಒಬ್ಬನೇ ಎರಡೂ ಆದರೆ ಒಂದು ಮನೆ ನಷ್ಟ. ಇಷ್ಟೇ ಲೆಕ್ಕ.

ಲ್ಯಾಬ್_ಕೋಟು
ಸರಿ, ತಿದ್ದಿಕೊಂಡೆ. ಆದರೂ ಜೀನ್ ವಿಷಯ ಸುಳ್ಳಲ್ಲ, ಹತ್ತಿರದ ಸಂಬಂಧದಲ್ಲಿ ಕೆಲವು ಕಾಯಿಲೆಗಳ ಸಂಭವ ಜಾಸ್ತಿ.

ಹಳೇ_ಪುಸ್ತಕ
ಅದು ನಿಜ. ಅಗಸ್ಟೀನನ ಬಾಯಿಗೆ ತುರುಕಬೇಡಿ ಅಂದೆ ಅಷ್ಟೆ.

ಹಾಸನದ_ಹುರುಳಿ
ಒಂದ್ನಿಮಿಷ. ಅಪ್ಪ ಒಬ್ಬ, ಮಾವ ಒಬ್ಬ ಇರಬೇಕು ಅಂತ ತಾನೇ ಅವನ ವಾದ? ಕನ್ನಡದಲ್ಲಿ ಅಮ್ಮನ ತಮ್ಮನೂ ಮಾವ, ಹೆಂಡತಿಯ ಅಪ್ಪನೂ ಮಾವ. ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಅವನು ಬೇಡ ಅಂದದ್ದನ್ನು ನಾವು ಭಾಷೆಯಲ್ಲೇ ಹೊಲಿದುಬಿಟ್ಟಿದ್ದೇವೆ! ಒಬ್ಬನೇ ಎರಡೂ ಆಗಲಿ ಅನ್ನೋದೇ ನಮ್ಮ ಕಡೆಯ ಆಸೆ.

ಸುಮ್ನೆ_ಓದುಗ
ಅಗಸ್ಟೀನ ಹೇಳಿದ್ದು ಅಣ್ಣ-ತಂಗಿ ಬಗ್ಗೆ. ಸೋದರತ್ತೆ ಮಗಳ ಬಗ್ಗೆ ಅಲ್ಲವಲ್ಲ.

ಹಳೇ_ಪುಸ್ತಕ
ಅದನ್ನೂ ಅದೇ ಅಧ್ಯಾಯದಲ್ಲಿ ಎತ್ತುತ್ತಾನೆ. ದೇವರ ಕಾನೂನು ತಡೆದಿಲ್ಲ, ಮನುಷ್ಯರ ಕಾನೂನೂ ಇನ್ನೂ ತಡೆದಿರಲಿಲ್ಲ, ಆದರೂ ನಮ್ಮ ಕಾಲದಲ್ಲಿ ಅಂಥ ಮದುವೆ ಅಪರೂಪ, ಜನರೇ ಹಿಂಜರಿಯುತ್ತಿದ್ದರು ಅನ್ನುತ್ತಾನೆ.

ಅವನಿಗೆ ದೀಕ್ಷಾಸ್ನಾನ ಕೊಟ್ಟ ಮಿಲಾನಿನ ಬಿಷಪ್ ಅಂಬ್ರೋಸ್ ಬರೆದ ಒಂದು ಪತ್ರ ಇನ್ನೂ ಹತ್ತಿರಕ್ಕೆ ಬರುತ್ತದೆ. ಪಾಟೆರ್ನಸ್ ಅಂತ ಒಬ್ಬ ದೊಡ್ಡ ಮನುಷ್ಯ ತನ್ನ ಮಗನಿಗೆ ತನ್ನ ಮಗಳ ಮಗಳನ್ನೇ ತರಬೇಕು ಅಂತಿದ್ದ. ಅಂದರೆ ಹುಡುಗನಿಗೆ ಅಕ್ಕನ ಮಗಳು. ಅಂಬ್ರೋಸ್ ಬೇಡವೇ ಬೇಡ ಅಂದ. ರೋಮಿನ ಚಕ್ರವರ್ತಿ ಥಿಯೊಡೋಸಿಯಸ್ ಕಸಿನ್‌ಗಳ ಮದುವೆಯನ್ನೇ ನಿಷೇಧಿಸಿದ್ದಾನೆ, ಇದು ಅದಕ್ಕಿಂತ ಹತ್ತಿರ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಹೆಸರುಗಳು ಕಲಸಿಹೋಗುತ್ತವೆ ಅನ್ನುವುದು. ನಿನ್ನ ಮಗಳು ತನ್ನ ತಮ್ಮನಿಗೇ ಅತ್ತೆಯಾಗುತ್ತಾಳೆ, ಮೊಮ್ಮಗಳು ಸೊಸೆಯಾಗುತ್ತಾಳೆ ಅಂತ.

ಗೌರಿಬಿದನೂರು_ಗೊಜ್ಜು
ಅಯ್ಯೋ, ಇದು ನಮ್ಮನೆ ಕಥೆ! ನಮ್ಮಮ್ಮನನ್ನು ಸೋದರಮಾವನಿಗೇ ಕೊಟ್ಟಿದ್ದು. ಅಂದರೆ ನಮ್ಮಜ್ಜಿ ನಮ್ಮಪ್ಪನಿಗೆ ಅಕ್ಕನೂ ಹೌದು, ಅತ್ತೆಯೂ ಹೌದು. ನನಗೆ ಅಜ್ಜಿಯೂ ಹೌದು, ಸೋದರತ್ತೆಯೂ ಹೌದು. ಚಿಕ್ಕವಳಿದ್ದಾಗ 'ಅತ್ತಜ್ಜಿ' ಅಂತಲೇ ಕರೀತಿದ್ದೆ. ಹಬ್ಬಕ್ಕೆ ಸೀರೆ ಕೊಡುವಾಗ ಅಪ್ಪ, "ಇದು ಅಕ್ಕನಿಗೆ, ಅತ್ತೆಗೆ ಮುಂದಿನ ವರ್ಷ" ಅಂತ ರೇಗಿಸೋರು. ಅತ್ತಜ್ಜಿ ಎರಡು ಸೀರೆ ಕಸಿಯದೆ ಬಿಡ್ತಿರಲಿಲ್ಲ.

ಹೆಸರು ಕಲಸಿಹೋದದ್ದೇನೋ ನಿಜ. ಪ್ರೀತಿ ಕಡಿಮೆ ಆಗಿದ್ದು ಕಾಣೆ.

ಹಾಸನದ_ಹುರುಳಿ
ಅಂಬ್ರೋಸ್‌ಗೆ ನಿಮ್ಮ ಅತ್ತಜ್ಜಿ ಪರಿಚಯ ಇರಬೇಕಿತ್ತು.

ರಾತ್ರಿಪಾಳಿ_ನರ್ಸ್
ಒಪ್ಪೋದಿಲ್ಲ. ಮನೆಯಲ್ಲಿ ಜಗಳ ಆದರೆ ಹುಡುಗಿ ಎಲ್ಲಿಗೆ ಹೋಗಬೇಕು? ತವರೂ ಅದೇ, ಗಂಡನ ಮನೆಯೂ ಅದೇ. ತೀರ್ಮಾನ ಹೇಳೋಕೆ ಕೂತವರು ಎರಡೂ ಕಡೆಯವರು ಅವರೇ. ಒಂದು ಮನೆ ನಷ್ಟ ಅಂತ ಅಗಸ್ಟೀನ ಹೇಳಿದನಲ್ಲ, ಆ ನಷ್ಟ ಹೆಣ್ಣಿಗೆ.

ಗೌರಿಬಿದನೂರು_ಗೊಜ್ಜು
ಅದೂ ನಿಜವೇ. ಅಮ್ಮ ಮುನಿಸಿಕೊಂಡರೆ ಹೋಗುತ್ತಿದ್ದದ್ದು ಹಿತ್ತಲಿಗೆ ಮಾತ್ರ.

ಕದ್ರಿ_ಕೊಡೆ
ಕ್ಯಾಥೊಲಿಕರ ವಿಷಯ ಹೇಳುತ್ತೇನೆ. ಈಗಲೂ 1983ರ ಚರ್ಚ್ ಕಾನೂನಿನ ಪ್ರಕಾರ ಕಸಿನ್‌ಗಳ ಮದುವೆಗೆ, ಸೋದರಮಾವ-ಅಕ್ಕನ ಮಗಳ ಮದುವೆಗೆ ತಡೆ ಉಂಟು. ಬಿಷಪರಿಂದ ವಿನಾಯಿತಿ ತರಬೇಕು. ಅಣ್ಣ-ತಂಗಿಗೆ ಮಾತ್ರ ಯಾವ ವಿನಾಯಿತಿಯೂ ಇಲ್ಲ. ಕಾಯಿನನದೇ ಕೊನೆ.

ಹಳೇ_ಪುಸ್ತಕ
ಇನ್ನೊಂದು ಹೇಳಿ ಮಲಗುತ್ತೇನೆ. ಕಪ್ಪದೋಕ್ಯದ (ಈಗಿನ ಟರ್ಕಿ) ನಾಲ್ಕನೇ ಶತಮಾನದ ಬಿಷಪ್ ಬೆಸಿಲ್ ಬರೆದ ಪತ್ರ. ಹೆಂಡತಿ ಸತ್ತರೆ ಅವಳ ತಂಗಿಯನ್ನು ಆಗಬಹುದಾ ಅನ್ನುವ ಪ್ರಶ್ನೆ. ಬೇಡ ಅನ್ನುತ್ತಾನೆ. ಎರಡು ಹೆಂಡಿರ ಮಕ್ಕಳು ಪರಸ್ಪರ ಒಡಹುಟ್ಟಿದವರೋ, ಅಕ್ಕ-ತಂಗಿಯರ ಮಕ್ಕಳೋ, ಏನೆಂದು ಕರೆಯುವುದು? ತಾಯಿಯ ತಂಗಿಯನ್ನು ಮಲತಾಯಿ ಮಾಡಬೇಡ ಅಂತಲೂ ಬೇಡುತ್ತಾನೆ.

ಹಾಸನದ_ಹುರುಳಿ
ಕನ್ನಡದಲ್ಲಿ ಈ ಪತ್ರ ಬರೆಯೋಕೇ ಆಗುತ್ತಿರಲಿಲ್ಲ ಸರ್! ಅಮ್ಮನ ತಂಗಿಯೂ ಚಿಕ್ಕಮ್ಮ, ಅಪ್ಪನ ಎರಡನೇ ಹೆಂಡತಿಯೂ ಚಿಕ್ಕಮ್ಮ. ಚಿಕ್ಕಮ್ಮನ ಮಕ್ಕಳು ಹೇಗೂ ಅಣ್ಣ ತಮ್ಮಂದಿರೇ. ಬೆಸಿಲ್ ಕೇಳಿದ್ದಕ್ಕೆ ನಮ್ಮಲ್ಲಿ ಮಗು ಕೂಡ ಉತ್ತರ ಹೇಳುತ್ತೆ.

ಪ್ರಶ್ನೆ_ನಂಜ
ವೇದದಲ್ಲೂ ಇದೆ ಗುರು. ಋಗ್ವೇದ 10ನೇ ಮಂಡಲದಲ್ಲಿ ಯಮಿ ತನ್ನ ಅವಳಿ ಯಮನನ್ನೇ ಕೇಳುತ್ತಾಳೆ, ಅವನು ಒಲ್ಲೆ ಅನ್ನುತ್ತಾನೆ.

ಸುಮ್ನೆ_ಓದುಗ
ಯಮ ಒಲ್ಲೆ ಅಂದ, ಕಾಯಿನ ಅವಳೇ ಬೇಕು ಅಂದ. ಹೋಲಿಸಬೇಡಿ, ಇನ್ನೂರು ಕಾಮೆಂಟ್ ಆಗುತ್ತೆ.

ಬಳ್ಳಾರಿ_ಬಿಸಿಲು
ಲೆಮೆಕನನ್ನು ಮರೆತಿರಿ. ಕಾಯಿನನ ವಂಶದವನು, ಇಬ್ಬರು ಹೆಂಡಿರು. ಉತ್ತರ ಆಫ್ರಿಕಾದ ಹಳೆಯ ಕ್ರೈಸ್ತ ಲೇಖಕ ತೆರ್ತುಲಿಯನ್ ಅವನ ಮೇಲೆ ಕೆಂಡ ಕಾರುತ್ತಾನೆ. ಒಬ್ಬ ಆದಾಮ, ಒಬ್ಬಳು ಹವ್ವ, ಒಂದೇ ಪಕ್ಕೆಲುಬು. ಇಬ್ಬರನ್ನು ಕಟ್ಟಿಕೊಂಡು ಅದನ್ನು ಮೊದಲು ಕೆಡಿಸಿದವನು ಶಾಪಗ್ರಸ್ತನ ಕುಲದವನು ಅಂತ. ನೋಡಿದರೆ ಅವರಿಗೆ ತಂಗಿಯನ್ನು ಆದದ್ದು ಕ್ಷಮಿಸಬಹುದಾದದ್ದು, ಎರಡನೇ ಹೆಂಡತಿ ಕ್ಷಮಿಸಲಾಗದ್ದು.

ಕೋಲಾರ_ಕಡಲೆ
ಈ ಹೆಂಡತಿ ಕೋರ್ಟಿಗೂ ಹೋಗಿದ್ದಾಳೆ ಗೊತ್ತಾ? 1925ರಲ್ಲಿ ಅಮೆರಿಕದ ಟೆನೆಸಿಯಲ್ಲಿ ವಿಕಾಸವಾದ ಕಲಿಸಿದ ಮೇಷ್ಟರ ಮೇಲೆ ಕೇಸು. ಮೇಷ್ಟರ ವಕೀಲ ಡ್ಯಾರೋ ಕಟಕಟೆಯಲ್ಲಿ ಎದುರು ಪಕ್ಷದ ಬ್ರಯನ್‌ನನ್ನು ಕೇಳಿದ, ಕಾಯಿನನಿಗೆ ಹೆಂಡತಿ ಎಲ್ಲಿ ಸಿಕ್ಕಳು ಅಂತ. ಅವಳನ್ನು ಹುಡುಕೋ ಕೆಲಸ ಅಜ್ಞೇಯವಾದಿಗಳಿಗೇ (ದೇವರಿದ್ದಾನೋ ಇಲ್ಲವೋ ಗೊತ್ತಿಲ್ಲ ಅನ್ನುವವರಿಗೆ) ಬಿಟ್ಟಿದ್ದೇನೆ ಅಂದನಂತೆ. ಈ ಸಲ ವೆಬ್ ಸೀರೀಸ್ ಅಲ್ಲ, ಹುಡುಕಿ ನೋಡಿದ್ದೇನೆ.

ಹಳೇ_ಪುಸ್ತಕ
ಈ ಸಲ ಸರಿ ಇದೆ 👍

ಸಂಡೇಸ್ಕೂಲ್_ಟೀಚರ್
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಪಾಠ ಮುಗಿಸಿ ಬಂದೆ. 5:4 ಓದಿಸಿದೆ. ಕ್ರಿಸೊಸ್ತೋಮನ ಉತ್ತರ ಹೇಳಿದೆ. ಅವಾನ್, ಅಜೂರಾ ಅನ್ನೋ ಹೆಸರು ಬೋರ್ಡಿನ ಮೇಲೆ ಬರೆದು, ಇವು ನಮ್ಮ ಬೈಬಲಿನವಲ್ಲ, ಬೇರೆ ಹಳೆಯ ಪುಸ್ತಕದವು ಅಂತಲೂ ಹೇಳಿದೆ. ಅವಳಿಯ ಕಥೆ ಬಿಟ್ಟೆ, ಆರನೇ ಕ್ಲಾಸಿಗೆ ಅದು ಬೇಡ ಅನ್ನಿಸಿತು. ಆ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮಿಸ್, ಹಾಗಾದ್ರೆ ಅವಳು ಹವ್ವನ್ನ ಅಮ್ಮ ಅಂತಿದ್ಲಾ, ಅತ್ತೆ ಅಂತಿದ್ಲಾ?" ಅಂದಳು.

ಹಾಸನದ_ಹುರುಳಿ
ಅಗಸ್ಟೀನ ಗಡ್ಡ ಸವರಿಕೊಂಡು ಹಿಂದಿನ ಬೆಂಚಲ್ಲಿ ಕೂತಿದ್ದ ಅನ್ನಿ.

ರಾತ್ರಿಪಾಳಿ_ನರ್ಸ್
ಆ ಹುಡುಗಿಗೆ ನನ್ನ ಲೆಕ್ಕದಲ್ಲಿ ಒಂದು ಚಾಕಲೇಟ್. ಮತ್ತೆ ಆ ಹಿರಿಯರು ಏನಂದರು?

ಸಂಡೇಸ್ಕೂಲ್_ಟೀಚರ್
ಪಾಠದ ಹೊತ್ತಿಗೆ ಬಾಗಿಲ ಹತ್ತಿರ ನಿಂತಿದ್ದರು. ಏನೂ ಅನ್ನಲಿಲ್ಲ. ಆಮೇಲೆ ಚಾ ಕುಡಿಯುವಾಗ ಮೆಲ್ಲಗೆ ಬಂದು, "ಆ ಅವಾನ್ ಅನ್ನೋ ಹೆಸರು ಯಾವ ಪುಸ್ತಕದ್ದು ಅಂದೆಯಮ್ಮ?" ಅಂತ ಕೇಳಿದರು.